ನಿಧಿಗಾಗಿ ತೋಡಿದ ಗುಂಡಿಯಲ್ಲಿ ಕಳೆದುಹೋಗುವ ಚರಿತ್ರೆ

ಹೊಲ ಮಾರಿದವರಿಗೂ ಕೊಂಡವರಿಗೂ ಕ್ರಯಪತ್ರದ ಒಂದು ಸಾಲು ಪರಿಚಿತ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳು ಕೊಂಡವರಿಗೆ ಸೇರತಕ್ಕವು ಎಂಬುದು ಆ ಸಾಲಿನ ತಾತ್ಪರ್ಯ. ಇವೇ ಅಷ್ಟಭೋಗಗಳು. ವಿಜಯನಗರ ಕಾಲದ ದಾನಶಾಸನಗಳಲ್ಲಿ ಕಲ್ಲಿನ ಮೇಲೆ ಕೊರೆದ ಮಾತು ಇಂದಿಗೂ ಸಬ್ ರಿಜಿಸ್ಟ್ರಾರ್ ಕಚೇರಿಯ ಛಾಪಾ ಕಾಗದದ ಮೇಲೆ ಉಳಿದುಕೊಂಡಿದೆ. ಎಂಟರಲ್ಲಿ ಮೊದಲ ಎರಡೂ ನೆಲದಲ್ಲಿ ಹುದುಗಿರುವ ಧನಕ್ಕೆ ಸಂಬಂಧಿಸಿದವು. ಕಾಲ ಕೆಳಗಿನ ಮಣ್ಣಿನಲ್ಲಿ ಹೊನ್ನಿರಬಹುದು ಎಂಬ ನಿರೀಕ್ಷೆ ನಮ್ಮ ಜನರಲ್ಲಿ ಎಷ್ಟು ಹಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಸರಿನಲ್ಲೇ ಹೊನ್ನನ್ನು ಇಟ್ಟುಕೊಂಡಿರುವ ಹೊನ್ನಾಳಿ ಸೀಮೆಯಲ್ಲಿ ಈ ನಿರೀಕ್ಷೆ ಇನ್ನೂ ಒಂದು ಹಿಡಿ ಹೆಚ್ಚು ಎಂದರೆ ಆಶ್ಚರ್ಯವಿಲ್ಲ. ಹಾಳು ಕೋಟೆ, ಪಾಳುಬಿದ್ದ ಗುಡಿ, ಜನ ಬಿಟ್ಟುಹೋದ ಊರಿನ ದಿಬ್ಬ ಇದ್ದಲ್ಲೆಲ್ಲ ಒಂದು ನಿಧಿಯ ಕಥೆ ಇದ್ದೇ ಇರುತ್ತದೆ. ಅದನ್ನು ಏಳು ಹೆಡೆಯ ಸರ್ಪ ಕಾಯುತ್ತಿರುತ್ತದೆ. ಹಿಂದೆ ಅಂಜನ ಹಾಕಿ ನೋಡುವವರು ಜಾಗ ತೋರಿಸುತ್ತಿದ್ದರು. ಈಗ ಅವರ ಜತೆಗೆ ಬ್ಯಾಟರಿಯಿಂದ ನಡೆಯುವ ಲೋಹಶೋಧಕ ಯಂತ್ರವೂ ಬಂದಿದೆ. ಯಂತ್ರ ಲೋಹವನ್ನು ತೋರಿಸುತ್ತದೆ ನಿಜ. ಆದರೆ ಅದನ್ನು ಹಿಡಿದು ತೋಡಿದ ಗುಂಡಿಯಲ್ಲಿ ನಾಶವಾಗುವುದು ಯಾವುದು ಎಂಬುದನ್ನು ಅದು ಹೇಳುವುದಿಲ್ಲ.

ಹೂಳಿಟ್ಟವರು ಯಾರು?

ಬ್ಯಾಂಕುಗಳಿಲ್ಲದ ಕಾಲದಲ್ಲಿ ಉಳಿತಾಯಕ್ಕೆ ಇದ್ದ ಭದ್ರ ಜಾಗವೆಂದರೆ ನೆಲ. ಅಡುಗೆಮನೆಯ ಮೂಲೆ, ದನದ ಕೊಟ್ಟಿಗೆ, ಗೋಡೆಯ ಬುಡ, ಹಿತ್ತಲಿನ ಮರದಡಿ ಮಣ್ಣಿನ ಕುಡಿಕೆಯೊಂದನ್ನು ಹೂತಿಟ್ಟರೆ ಅದೇ ಖಜಾನೆ. ಒಳಗಿರುತ್ತಿದ್ದುದು ಒಂದೆರಡು ಒಡವೆ, ಒಂದಷ್ಟು ನಾಣ್ಯ. ಈ ಭಾಗ ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿತ್ತಾದ್ದರಿಂದ ಇಲ್ಲಿ ಇಕ್ಕೇರಿ ವರಾಹದ ಹೆಸರು ಜನಜನಿತ. ಸುಮಾರು 3.4 ಗ್ರಾಂ ತೂಕದ ಈ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂಬ ಬರಹ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ತನ್ನ ವರಾಹದ ಮೇಲೆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿಸಿದ. ಜನರ ಕೈಗೆ ರೂಢಿಯಾದ ನಾಣ್ಯವನ್ನು ಬದಲಿಸುವುದು ಗೆದ್ದವರಿಗೂ ಸುಲಭವಿರಲಿಲ್ಲ. ವರಾಹದ ಹತ್ತನೆಯ ಒಂದು ಪಾಲು ‘ಹಣ’. ಬೇಳೆಕಾಳಿನಷ್ಟು ಚಿಕ್ಕದಾದ ಈ ಚಿನ್ನದ ನಾಣ್ಯದಿಂದಲೇ ನಮ್ಮ ಇಂದಿನ ‘ಹಣ’ ಎಂಬ ಮಾತು ಬಳಕೆಯಲ್ಲಿ ಬೆಳೆದಿದೆ.

ಹೂಳಿಟ್ಟದ್ದನ್ನು ತೆಗೆಯಲು ಬಾರದೆ ಹೋದುದಕ್ಕೆ ಕಾರಣಗಳು ಹಲವು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ಶಿವಮೊಗ್ಗದ ಕಡೆ ನುಗ್ಗಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಟಿಪ್ಪುವಿನ ಪತನದ ನಂತರ ದಂಡು ಕಟ್ಟಿ, 1800ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರ ಸೈನ್ಯಕ್ಕೆ ಬಲಿಯಾಗುವವರೆಗೆ ಈ ಸೀಮೆಗೆ ನೆಮ್ಮದಿ ಇರಲಿಲ್ಲ. 1830-31ರ ನಗರದ ರೈತರ ದಂಗೆ, ಮೈಸೂರು ಸೀಮೆಯನ್ನೇ ನಡುಗಿಸಿದ 1876-78ರ ಬರ, ಆಮೇಲೆ ಪ್ಲೇಗು. ದಂಡು ಬಂತೆಂದು ಓಡಿದವರಲ್ಲಿ, ಗುಳೆ ಹೋದವರಲ್ಲಿ ಎಲ್ಲರೂ ಹಿಂತಿರುಗಲಿಲ್ಲ. ಹೀಗೆ ಜನವಸತಿ ಇಲ್ಲದಾದ ಊರುಗಳನ್ನು ಕಂದಾಯ ದಾಖಲೆಗಳು ‘ಬೇಚರಾಕ್ ಗ್ರಾಮ’ ಎಂದು ಕರೆಯುತ್ತವೆ. ಪಾರಸಿಯ ‘ಬೇ ಚಿರಾಗ್’ ಎಂದರೆ ದೀಪವಿಲ್ಲದ್ದು. ದೀಪ ಹಚ್ಚುವವರಿಲ್ಲದ ಈ ಊರುಗಳ ದಿಬ್ಬಗಳೇ ನಿಧಿ ಹುಡುಕುವವರ ಮೊದಲ ಗುರಿ.

ಆದರೆ ಸಿಗುವುದೆಷ್ಟು? ಕೊಪ್ಪರಿಗೆ ತುಂಬಾ ಹೊನ್ನಿದೆ ಎಂಬ ಕಥೆಗಳು ಅರಸರನ್ನು, ಪಾಳೆಯಗಾರರನ್ನು ಕುರಿತವು. ಗೆದ್ದ ಸೈನ್ಯ ಕೋಟೆಗೆ ನುಗ್ಗಿದಾಗ ಮೊದಲು ಹುಡುಕುತ್ತಿದ್ದುದೇ ಭಂಡಾರವನ್ನು. ಬಿದನೂರಿನ ಸಂಪತ್ತು ಹೈದರನ ಪಾಲಾದುದು ಪ್ರಸಿದ್ಧವೇ ಆಗಿದೆ. ಉಳಿದದ್ದು ಸಾಮಾನ್ಯ ಒಕ್ಕಲಿಗನ, ವರ್ತಕನ ಕುಡಿಕೆ. ಎಷ್ಟೋ ಸಲ ‘ನಿಧಿಯ ಗುಂಡಿ’ ಎಂದು ಬಾಯಿ ಬಾಯಿಗೆ ಹರಡಿದ್ದು ಜೋಳ, ರಾಗಿ ತುಂಬಿಡುತ್ತಿದ್ದ ಹಳೆಯ ಹಗೇವೇ ಆಗಿರುತ್ತದೆ.

ತಪ್ಪಾಗಿ ಓದಿದ ಕಲ್ಲುಗಳು

ನಿಧಿಗಳ್ಳರಿಗೆ ಇನ್ನೊಂದು ನಂಬಿಕೆ ಇದೆ. ಕಲ್ಲಿನ ಮೇಲೆ ಸೂರ್ಯ ಚಂದ್ರ, ಹಸು ಕರು, ಕತ್ತಿ, ಲಿಂಗ ಕೆತ್ತಿದ್ದರೆ ಅದು ನಿಧಿಯ ಗುರುತು ಎಂಬುದು ಆ ನಂಬಿಕೆ. ವಾಸ್ತವವಾಗಿ ಸೂರ್ಯ ಚಂದ್ರರು ಇರುವವರೆಗೂ ಈ ದಾನ ನಡೆಯಲಿ ಎಂಬ ಆಶಯವೇ ಆ ಚಿತ್ರ. ಕರುವಿಗೆ ಹಾಲುಣಿಸುವ ಹಸುವೂ ದಾನಶಾಸನದ ಸಾಮಾನ್ಯ ಲಾಂಛನ. ಲಿಂಗಮುದ್ರೆಯ ಕಲ್ಲು ದೇವರಿಗೆ ಬಿಟ್ಟ ಭೂಮಿಯ ಎಲ್ಲೆಯನ್ನು ತೋರಿಸುವಂಥದು. ಕತ್ತಿ ಹಿಡಿದವನಿರುವುದು ಊರಿಗಾಗಿ ಸತ್ತವನ ವೀರಗಲ್ಲು. ಇವುಗಳ ಬುಡದಲ್ಲಿ ಚಿನ್ನವಿಲ್ಲ. ಹೇಳಬೇಕಾದುದೆಲ್ಲ ಕಲ್ಲಿನ ಮುಖದ ಮೇಲೇ ಇದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಬೆಳಗುತ್ತಿಯ ಸಿಂದ ಅರಸರಂಥ ಸ್ಥಳೀಯ ಮನೆತನಗಳ ವಿಷಯ ನಮಗೆ ತಿಳಿದದ್ದು ಇಂಥ ಕಲ್ಲುಗಳಿಂದಲೇ. ಒಂದು ಕಲ್ಲನ್ನು ಕಿತ್ತು ಮಗುಚಿ ಹಾಕಿದರೆ ಊರಿನ ಹಳೆಯ ಪತ್ರವನ್ನೇ ಹರಿದಂತೆ.

ಗುಡಿಗಳ ಪಾಡೂ ಇದೇ. ಪ್ರತಿಷ್ಠೆಯ ಕಾಲದಲ್ಲಿ ಮೂರ್ತಿಯ ಅಡಿಯಲ್ಲಿ ನವರತ್ನ ಇಡುವ ಪದ್ಧತಿ ಇದೆ. ಅದು ಹರಳಿನ ಚೂರುಗಳ ಶಾಸ್ತ್ರ. ಆದರೂ ಅದಕ್ಕಾಗಿ ಲಿಂಗವನ್ನು ಕಿತ್ತವರು, ನಂದಿಯನ್ನು ಒಡೆದವರು ಎಷ್ಟೋ ಮಂದಿ. ಹೊನ್ನಾಳಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯೇ ಮುಂದೆ ಆನೆಗೊಂದಿಯ ಬಳಿ ನವವೃಂದಾವನದ ನಡುಗಡ್ಡೆಯನ್ನು ಬಳಸಿ ಹೋಗುತ್ತದೆ. 2019ರ ಜುಲೈನಲ್ಲಿ ಅಲ್ಲಿದ್ದ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯಿಂದ ರಾತ್ರೋರಾತ್ರಿ ಕೆಡವಿದರು. 1539ರಲ್ಲಿ ತೀರಿಕೊಂಡ ಯತಿಗಳ ಸಮಾಧಿಯದು. ಭಕ್ತರು ಸೇರಿ ಅದನ್ನು ಕೂಡಲೇ ಮತ್ತೆ ಕಟ್ಟಿದರು, ದುಷ್ಕರ್ಮಿಗಳ ಬಂಧನವೂ ಆಯಿತು. ಆದರೆ ಹೆಸರಿಲ್ಲದ ದಿಬ್ಬಗಳಿಗೆ, ಪೂಜೆ ನಿಂತ ಗುಡಿಗಳಿಗೆ ಹಾಗೆ ಓಡಿಬರುವವರಿಲ್ಲ.

ಯುದ್ಧಭೂಮಿಯಿಂದ ಹೊಲಕ್ಕೆ

ಲೋಹಶೋಧಕ ಯಂತ್ರದ ಕಥೆ ಆರಂಭವಾದುದು ಒಂದು ಗುಂಡಿನಿಂದ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಹೊಕ್ಕ ಗುಂಡನ್ನು ಪತ್ತೆಹಚ್ಚಲು ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಉಪಕರಣ ತಯಾರಿಸಿದರು. ಮಂಚದ ಲೋಹದ ಸ್ಪ್ರಿಂಗುಗಳೂ ಸದ್ದು ಹುಟ್ಟಿಸಿದ್ದರಿಂದ ಪ್ರಯತ್ನ ಫಲಿಸಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೋಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕ 1942ರ ಎಲ್ ಅಲಮೈನ್ ಕಾಳಗದಲ್ಲಿ ಬಳಕೆಗೆ ಬಂತು. ಯುದ್ಧ ಮುಗಿದ ಮೇಲೆ ಇಂಥ ಯಂತ್ರಗಳು ನಾಣ್ಯ ಹುಡುಕುವ ಹವ್ಯಾಸಿಗಳ ಕೈ ಸೇರಿದವು.

ಯಂತ್ರದ ತತ್ತ್ವ ಸರಳ. ತುದಿಯಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಏರ್ಪಡುತ್ತದೆ. ಅದರೊಳಗೆ ಲೋಹವಿದ್ದರೆ ಅದರಲ್ಲೂ ಸಣ್ಣ ವಿದ್ಯುತ್ ಹುಟ್ಟಿ, ಯಂತ್ರಕ್ಕೆ ಸುಳಿವು ಕೊಡುತ್ತದೆ. ಸಾಮಾನ್ಯ ಯಂತ್ರಕ್ಕೆ ಒಂದು ನಾಣ್ಯ ಕಾಣುವುದು ಹೆಚ್ಚೆಂದರೆ ಒಂದಡಿ ಆಳದವರೆಗೆ. ಕುಂಟೆಯ ಮೊಳೆ, ಲಾಳದ ಚೂರು, ಸೋಡಾ ಬಾಟಲಿಯ ಮುಚ್ಚಳ ಎಲ್ಲಕ್ಕೂ ಅದು ಕೂಗುತ್ತದೆ. ಹತ್ತಾರು ಅಡಿ ಆಳದ ಬಂಗಾರವನ್ನು ಮಾತ್ರ ತೋರಿಸುವ ಯಂತ್ರವಿದೆ ಎಂದು ಯಾರಾದರೂ ಬಾಡಿಗೆ ಕೇಳಿದರೆ ಅವರನ್ನು ಅಂಜನದವರ ಸಾಲಿಗೇ ಸೇರಿಸಬಹುದು.

ಚಿನ್ನ ಅರಸಿದವರಿಗೆ ಸಿಕ್ಕಿದ್ದು

ಹೊನ್ನಾಳಿ, ನ್ಯಾಮತಿ ಸೀಮೆಯ ಚಿನ್ನ ಬರೀ ಕಥೆಯಲ್ಲ. ಕುದುರೆಕೊಂಡ, ಪಲವನಹಳ್ಳಿ ಸುತ್ತಿನ ಬಂಡೆಗಳಲ್ಲಿ ಚಿನ್ನದ ಎಳೆಗಳಿವೆ. ಅಲ್ಲಿ ಗಣಿಗಾರಿಕೆಯ ಪ್ರಯತ್ನಗಳೂ ನಡೆದಿವೆ. ಹೀಗೆ ಕನ್ನಡ ನಾಡಿನಲ್ಲಿ ಚಿನ್ನದ ಅದಿರಿಗಾಗಿ ಅಲೆದವರಿಗೆ ಕೆಲವೊಮ್ಮೆ ಚಿನ್ನಕ್ಕಿಂತ ದೊಡ್ಡದು ಸಿಕ್ಕಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಯೊಂದರ ಮೇಲೆ ಬರಹವನ್ನು ಕಂಡರು. ಅದುವರೆಗೆ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಷ್ಟೇ ಕಾಣಿಸುತ್ತಿದ್ದ ದೊರೆಯ ಸ್ವಂತ ಹೆಸರು ಅಶೋಕ ಎಂಬುದು ಆ ಬಂಡೆಯಿಂದ ಖಚಿತವಾಯಿತು.

ಜಗಳೂರಿನ ನೆರೆಯ ಚಿತ್ರದುರ್ಗದ್ದು ಇನ್ನೊಂದು ಉದಾಹರಣೆ. ಕೋಟೆಯ ಬೆಟ್ಟದ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು, ರೋಮನ್ ದೊರೆಗಳಾದ ಅಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳು ದೊರೆತಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲೂ ಮೊಳಕಾಲ್ಮೂರು ಬಳಿಯ ಬ್ರಹ್ಮಗಿರಿಯಲ್ಲೂ ಪದರ ಪದರವಾಗಿ ಮಣ್ಣು ಬಿಡಿಸಿ ನೋಡಿದರು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆತನ ನಾಣ್ಯ ಸಿಕ್ಕ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆ ಪದರದಲ್ಲೇ ಇರುವ ಮಡಕೆ ಚೂರಿಗೂ ಕಾಲ ಗೊತ್ತಾಗುತ್ತದೆ; ಅಂಥದೇ ಚೂರು ಬೇರೆ ಊರಿನಲ್ಲಿ ಸಿಕ್ಕರೆ ಆ ಊರಿನ ಕಾಲವನ್ನೂ ಊಹಿಸಬಹುದು. ಒಂದು ನಾಣ್ಯ ಹೀಗೆ ಇಡೀ ಸೀಮೆಯ ಚರಿತ್ರೆಗೆ ಕೀಲಿಕೈ ಆಗುತ್ತದೆ.

ಅದೇ ನಾಣ್ಯವನ್ನು ರಾತ್ರಿ ಯಾರೋ ಯಂತ್ರ ಹಿಡಿದು ಕಿತ್ತು ತಂದಿದ್ದರೆ? ಅದು ಒಂದು ತುಂಡು ಬೆಳ್ಳಿ. ಎಷ್ಟು ಆಳದಲ್ಲಿತ್ತು, ಮಡಕೆಯಲ್ಲಿತ್ತೇ, ಬೂದಿಯಲ್ಲಿತ್ತೇ, ಪಕ್ಕದಲ್ಲಿ ಏನಿತ್ತು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲ. ಗುಂಡಿ ತೋಡಿದಾಗ ಪದರಗಳು ಕಲಸಿಹೋಗಿರುತ್ತವೆ. ಮತ್ತೆ ಅವನ್ನು ಜೋಡಿಸಲು ಯಾವ ಪಂಡಿತನಿಂದಲೂ ಆಗದು. ಚಿನ್ನದ ನಾಣ್ಯವಾದರೆ ಇನ್ನೂ ಕಷ್ಟ. ಅದು ನೇರವಾಗಿ ಕುಲುಮೆಗೆ ಹೋಗಿ ಗಟ್ಟಿಯಾಗುತ್ತದೆ.

ಕಾನೂನು ಏನನ್ನುತ್ತದೆ?

ಇಂಗ್ಲೆಂಡಿನಲ್ಲಿ ಹೊಲದ ಒಡೆಯನ ಒಪ್ಪಿಗೆ ಪಡೆದು ಯಂತ್ರ ಬಳಸಬಹುದು. ನಿಧಿ ಸಿಕ್ಕರೆ ವರದಿ ಮಾಡಲೇಬೇಕು. 2009ರಲ್ಲಿ ಸ್ಟಾಫರ್ಡ್‌ಷೈರಿನ ಹೊಲವೊಂದರಲ್ಲಿ ಹವ್ಯಾಸಿಯೊಬ್ಬರಿಗೆ ಸಿಕ್ಕ ಆಂಗ್ಲೋ ಸ್ಯಾಕ್ಸನ್ ಕಾಲದ ಚಿನ್ನ, ಬೆಳ್ಳಿಯ ನಿಧಿಗೆ 32.85 ಲಕ್ಷ ಪೌಂಡು ಬೆಲೆ ಕಟ್ಟಿ, ಅದನ್ನು ಅವರಿಗೂ ಹೊಲದವರಿಗೂ ಹಂಚಲಾಯಿತು. ಸುದ್ದಿ ಮುಟ್ಟಿದೊಡನೆ ಪುರಾತತ್ತ್ವಜ್ಞರು ಆ ಜಾಗವನ್ನು ಅಗೆದು ಪರೀಕ್ಷಿಸಿದರು.

ನಮ್ಮಲ್ಲೂ ಇಂಥ ವಿಚಾರ ಇಲ್ಲದಿಲ್ಲ. 1878ರ ಭಾರತೀಯ ನಿಧಿ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಕಂಡವರಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು. ಸರ್ಕಾರ ಅದನ್ನು ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಮುಚ್ಚಿಟ್ಟರೆ ಪಾಲೂ ಇಲ್ಲ, ಮೇಲೆ ಸೆರೆವಾಸ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆ ಇದೆ; ಅದರಲ್ಲೂ ಜಿಲ್ಲಾಧಿಕಾರಿಗೆ ತಿಳಿಸುವುದೇ ಮೊದಲ ಕರ್ತವ್ಯ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಮೂರ್ತಿಗಳು ಪ್ರಾಚ್ಯವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು.

ಹೀಗಿದ್ದೂ ಕುಡಿಕೆಗಳು ಕಚೇರಿ ಮುಟ್ಟುವುದಕ್ಕಿಂತ ಕುಲುಮೆ ಮುಟ್ಟುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ದುರಾಸೆಯೊಂದೇ ಕಾರಣವಲ್ಲ. ನೇಗಿಲಿಗೆ ಕುಡಿಕೆ ತಗುಲಿದ ರೈತನಿಗೆ ಪೊಲೀಸರ ಭಯ, ಕಚೇರಿ ಅಲೆದಾಟದ ಭಯ, ಹೊಲವೇ ಕೈತಪ್ಪೀತೆಂಬ ಭಯ. ತನಗೂ ಒಂದು ಪಾಲಿನ ವಿಚಾರ ಕಾನೂನಿನಲ್ಲಿದೆ ಎಂದು ಅವನಿಗೆ ಹೇಳಿದವರು ಯಾರು? ಗ್ರಾಮಸಭೆಯಲ್ಲಿ ಒಮ್ಮೆ ಈ ಮಾತನ್ನು ಓದಿ ಹೇಳಿದರೂ ಎಷ್ಟೋ ಕುಡಿಕೆಗಳು ಉಳಿದಾವು. ಮನೆಯ ಪಾಯ ತೆಗೆಯುವಾಗಲೋ ಹೊಲ ಉಳುವಾಗಲೋ ಏನಾದರೂ ಸಿಕ್ಕರೆ ಅಲ್ಲಿಗೇ ಕೆಲಸ ನಿಲ್ಲಿಸಬೇಕು. ಉಜ್ಜಿ ತೊಳೆಯಬಾರದು, ಮಡಕೆಯ ಚೂರನ್ನೂ ಎಸೆಯಬಾರದು. ಆಳ ಎಷ್ಟೆಂದು ಗುರುತು ಮಾಡಿಕೊಂಡು, ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಬರೆದು ತಿಳಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಬೇಕು. ಅಷ್ಟು ಮಾಡಿದರೆ ಬೇಚರಾಕ್ ಎಂದು ದಾಖಲೆಯಲ್ಲಿ ಬಿಟ್ಟುಹೋದ ಊರೊಂದರಲ್ಲಿ ಯಾರಿದ್ದರು, ಯಾವಾಗ ಇದ್ದರು, ಏಕೆ ಹೋದರು ಎಂದು ಕೇಳಲು ಮುಂದಿನವರಿಗೆ ಒಂದು ದಾರಿ ಉಳಿಯುತ್ತದೆ.