ರದ್ದಿಗೆ ಬಿದ್ದ ಚಿತ್ರಕಥೆಗಳು

ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯಲ್ಲಿ ಸೇವುಣರ ಕಾಲದ ಶಾಂತೇಶ್ವರ ದೇವಾಲಯವಿದೆ. 13ನೆಯ ಶತಮಾನದ ಆ ಗುಡಿಯನ್ನು ನೋಡಲು ಹೋದವರು ಸುತ್ತಣ ಸೀಮೆಯ ಊರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನೂ ಕಂಡಿರುತ್ತಾರೆ. ವೀರಗಲ್ಲಿಗೆ ಒಂದು ಕ್ರಮವುಂಟು. ಕೆಳಗಿನ ಅಂಕಣದಲ್ಲಿ ಕಾಳಗ: ತುರುಗಳನ್ನು ಬಿಡಿಸಲು ಹೋದವನು ಬಿಲ್ಲು ಕತ್ತಿಗಳ ನಡುವೆ ಹೋರಾಡುತ್ತಿದ್ದಾನೆ. ನಡುವಿನ ಅಂಕಣದಲ್ಲಿ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಅಂಕಣದಲ್ಲಿ ಅವನು ಶಿವಸನ್ನಿಧಿ ಸೇರಿದ್ದಾನೆ. ಚಿತ್ರಗಳ ನಡುವಣ ಪಟ್ಟಿಯ ಮೇಲೆ ಬರಹ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆ ಎಂದು ಇದನ್ನು ಕರೆದರೆ ತಪ್ಪಾಗದು. ಚೌಕ ಚೌಕವಾಗಿ ಚಿತ್ರ ಬರೆದು, ಅದಕ್ಕೆ ಮಾತು ಸೇರಿಸಿ ಕಥೆ ಹೇಳುವುದು ನಮ್ಮ ಜನಕ್ಕೆ ಹೊಸ ವಿದ್ಯೆಯಲ್ಲ.

ಕಲ್ಲಿನ ಈ ಕಥೆಗಳು ಏಳೆಂಟು ನೂರು ವರ್ಷ ಮಳೆಗಾಳಿಗಳನ್ನು ತಡೆದುಕೊಂಡಿವೆ. ಕಾಗದದ ಮೇಲೆ ಕನ್ನಡದಲ್ಲಿ ಅಚ್ಚಾದ ಚಿತ್ರಕಥೆಗಳಿಗೆ ಇನ್ನೂ ಆರು ದಶಕ ತುಂಬಿದೆಯಷ್ಟೆ. ಆಗಲೇ ಅವುಗಳಲ್ಲಿ ಮೊದಲಿನವನ್ನು ದೀಪ ಹಿಡಿದು ಹುಡುಕಬೇಕಾಗಿದೆ.

ಬೇರೆ ದೇಶಗಳಲ್ಲಿ ಈ ಹುಡುಕಾಟ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. 1938ರ ಜೂನ್ ತಿಂಗಳ ಗುರುತು ಹೊತ್ತು ಅಮೆರಿಕದಲ್ಲಿ ಹೊರಟ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಅದರ ಬೆಲೆ 10 ಸೆಂಟು. 2024ರಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಚ್ಚಾದದ್ದು ಲಕ್ಷಗಟ್ಟಲೆಯಾದರೂ ಉಳಿದದ್ದು ಅತ್ಯಲ್ಪ. ಓದಿ ಎಸೆಯುವ ಪುಸ್ತಕವೆಂದು ಎಲ್ಲರೂ ಎಸೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಕ್ಕಳೇ ಮನೆಮನೆ ತಿರುಗಿ ಹಳೆಯ ಕಾಗದ ಕೂಡಿಸಿ ಸರ್ಕಾರಕ್ಕೆ ಒಪ್ಪಿಸಿದರು. ಎಸೆದವರು ಹೆಚ್ಚಿದಷ್ಟೂ ಉಳಿಸಿದವನ ಭಾಗ್ಯ ಹೆಚ್ಚಿತು.

ಹಿರಿಯರ ಅನಾದರಕ್ಕೆ ಕಾನೂನಿನ ಬೆಂಬಲವೂ ದೊರೆತಿತ್ತು. ಚಿತ್ರಕಥೆಗಳು ಮಕ್ಕಳನ್ನು ಅಪರಾಧದ ದಾರಿಗೆ ಎಳೆಯುತ್ತವೆಂದು 1954ರಲ್ಲಿ ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯ ಬರೆದ ಪುಸ್ತಕ ಅಮೆರಿಕದಲ್ಲಿ ಕೋಲಾಹಲವೆಬ್ಬಿಸಿತು. ಅದೇ ವರ್ಷ ಅಲ್ಲಿನ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. 1955ರಲ್ಲಿ ಇಂಗ್ಲೆಂಡು, 1956ರಲ್ಲಿ ಭಾರತ, ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳನ್ನು ತಡೆಯುವ ಕಾಯಿದೆಗಳನ್ನು ತಂದವು. ಹಿಂಸೆ, ಕ್ರೌರ್ಯಗಳನ್ನು ಮಕ್ಕಳ ಮುಂದಿಡುವ ಪುಸ್ತಕಗಳ ಮೇಲೆ ಗುರಿಯಿಟ್ಟ ಕಾಯಿದೆ ಅದು. ಆದರೆ ಆ ಕಾಲದ ಮನೆಗಳಲ್ಲಿ ಇಡೀ ಚಿತ್ರಕಥೆಯ ಕುಲವೇ ಅನುಮಾನಕ್ಕೆ ಒಳಗಾಯಿತು. ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದುವ ವಸ್ತುವನ್ನು ಕಪಾಟಿನಲ್ಲಿ ಜೋಡಿಸಿಡುವವರು ಯಾರು?

ಕನ್ನಡದ ಮಕ್ಕಳಿಗೆ ಚಿತ್ರಗಳ ರುಚಿ ಹತ್ತಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ‘ಚಂದಮಾಮ’ನದು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹೊರಟ ಆ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂದಿತು. ಎಂ. ಟಿ. ವಿ. ಆಚಾರ್ಯರು ಬರೆದ ಅದರ ಮುಖಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ಮನೆಗಳಿದ್ದವು. ಆದರೆ ಚಂದಮಾಮ ಚಿತ್ರಗಳಿದ್ದ ಕಥೆ. ಚಿತ್ರವೇ ಕಥೆಯಾದದ್ದು ಆಮೇಲೆ. 1964ರ ಮಾರ್ಚಿಯಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಬಳಗ ‘ಇಂದ್ರಜಾಲ ಕಾಮಿಕ್ಸ್’ ಮಾಲೆಯನ್ನು ಆರಂಭಿಸಿತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅದರ ನಾಯಕ. ಮುಂದೆ ಈ ಮಾಲೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು, 1990ರಲ್ಲಿ ನಿಂತುಹೋಯಿತು.

ಇದರ ಮಗ್ಗುಲಲ್ಲೇ ಬೆಂಗಳೂರಿನಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. 1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರು ಕನ್ನಡದಲ್ಲಿ ಚಿತ್ರಕಥೆಗಳನ್ನು ತರಲು ಮುಂದಾದರು. ಸಿಂಡರೆಲ್ಲಾ, ಪಿನೋಕಿಯೋ ಮೊದಲಾದ ಪಶ್ಚಿಮದ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಮಾಲೆಯ ಹೆಸರು ‘ಅಮರ ಚಿತ್ರಕಥೆ’! ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಇಂದ್ರಜಾಲದ ಕೆಲಸದಲ್ಲಿ ಪಳಗಿದ್ದ ಅನಂತ ಪೈ ಅವರು 1967ರಲ್ಲಿ ಅದೇ ಸಂಸ್ಥೆಗಾಗಿ ನಮ್ಮ ಪುರಾಣ, ಇತಿಹಾಸಗಳ ಮಾಲೆಯನ್ನು ಇಂಗ್ಲಿಷಿನಲ್ಲಿ ಕೈಗೆತ್ತಿಕೊಂಡರು. ಆ ಮಾಲೆಯ ಮೊದಲ ಪುಸ್ತಕ ‘ಕೃಷ್ಣ’. ಅದರ ಸಂಖ್ಯೆ ಒಂದಲ್ಲ, ಹನ್ನೊಂದು. ಹಿಂದಿನ ಹತ್ತು ಸಂಖ್ಯೆಗಳು ಕನ್ನಡಕ್ಕೆ ಸಂದಿದ್ದವು.

ಭಾರತದ ಮನೆಮನೆಗೆ ತಲುಪಿ, 400ಕ್ಕೂ ಹೆಚ್ಚು ಶೀರ್ಷಿಕೆಗಳಾಗಿ ಬೆಳೆದ ಒಂದು ಮಾಲೆಯ ಬೇರು ಕನ್ನಡದಲ್ಲಿದೆ ಎಂಬುದಕ್ಕೆ ಎದ್ದುಕಾಣುವ ಸಾಕ್ಷಿ ಈ ಹನ್ನೊಂದು ಎಂಬ ಅಂಕೆ. ಅನಂತ ಪೈ ಅವರ ಸಾಧನೆಗೆ ಇದರಿಂದ ಕುಂದಿಲ್ಲ. ಆದರೆ ಮರದ ಕಥೆ ಹೇಳುವವರು ಬೀಜದ ಕಥೆಯನ್ನು ಬಿಡಬಾರದು. ಆ ಹತ್ತು ಕನ್ನಡ ಪುಸ್ತಕಗಳು ಕೈಗೆ ಸಿಕ್ಕರೆ ತಾನೆ, ಅನುವಾದದ ಭಾಷೆ ಹೇಗಿತ್ತು, ಅಚ್ಚು ಹೇಗಿತ್ತು, ಬೆಲೆಯೆಷ್ಟು ಎಂಬುದು ತಿಳಿಯುವುದು?

ಅವು ಸಿಗದಿರಲು ಕಾರಣ ನಮ್ಮ ಮನೆಗಳಲ್ಲೇ ಇದೆ. ಒಂದು ಪುಸ್ತಕ ಓಣಿಯ ಹತ್ತು ಮಕ್ಕಳ ಕೈ ದಾಟುತ್ತಿತ್ತು. ದಿನದ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು ಐದಾರು ಸಂಚಿಕೆಗಳನ್ನು ಸೇರಿಸಿ, ದಬ್ಬಣದಿಂದ ತೂತು ಹೊಡೆದು ದಾರದಿಂದ ಹೊಲಿಯುತ್ತಿದ್ದವು. ಮುಖಪುಟ ಹರಿದರೆ ಗೋಂದು, ಬೆನ್ನು ಬಿಟ್ಟರೆ ಅಂಟುಪಟ್ಟಿ. ಕೊನೆಗೆ ರದ್ದಿಯವನ ತಕ್ಕಡಿ. ಅಲ್ಲಿಂದ ಶೇಂಗಾ, ಚುರುಮುರಿಯ ಪೊಟ್ಟಣ.

ಉಳಿದ ಪ್ರತಿಯ ಯೋಗ್ಯತೆಯನ್ನು ಅಳೆಯುವುದು ಈಗ ಒಂದು ಶಾಸ್ತ್ರವೇ ಆಗಿದೆ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಅಮೆರಿಕದ ಕಾಮಿಕ್ಸುಗಳ ಬೆಲೆಪಟ್ಟಿಯನ್ನು ಪುಸ್ತಕವಾಗಿ ತಂದರು. 2000ದಿಂದ ಪುಸ್ತಕವನ್ನು ಪರೀಕ್ಷಿಸಿ, ಅರ್ಧದಿಂದ ಹತ್ತರವರೆಗೆ ಅಂಕ ಕೊಟ್ಟು, ಪಾರದರ್ಶಕ ಪೆಟ್ಟಿಗೆಯಲ್ಲಿ ಮೊಹರು ಮಾಡಿಕೊಡುವ ಸಂಸ್ಥೆ ಅಲ್ಲಿದೆ. ಬೆನ್ನು ನೆಟ್ಟಗಿದೆಯೆ, ಪಿನ್ನಿಗೆ ತುಕ್ಕು ಹಿಡಿದಿದೆಯೆ, ಮೂಲೆ ಮಡಿಚಿದೆಯೆ, ಹಾಳೆ ಬಿಳಿಯೋ ಕಂದೋ, ನಡುಪುಟ ಇದೆಯೋ ಇಲ್ಲವೋ, ಯಾರಾದರೂ ತಿದ್ದಿ ಬಣ್ಣ ತುಂಬಿದ್ದಾರೆಯೆ—ಎಲ್ಲಕ್ಕೂ ಲೆಕ್ಕವಿದೆ. 2024ರಲ್ಲಿ ಮಾರಾಟವಾದ ಆ ಪ್ರತಿಗೆ ದೊರೆತದ್ದು ಎಂಟೂವರೆ ಅಂಕ.

ನಮ್ಮ ಸಂಗ್ರಾಹಕರು ಇದನ್ನು ಕಲಿಯಬೇಕಾದದ್ದೇ. ಆದರೆ ಪೇಟೆಯ ತಕ್ಕಡಿಯೂ ಇತಿಹಾಸದ ತಕ್ಕಡಿಯೂ ಒಂದೇ ಅಲ್ಲ. ಮೊದಲ ಪುಟದಲ್ಲಿ ಹುಡುಗನೊಬ್ಬ ತನ್ನ ಹೆಸರು, ತರಗತಿ, ಊರು ಬರೆದಿದ್ದರೆ ಪೇಟೆಯಲ್ಲಿ ಅಂಕ ಕಡಿಮೆಯಾಗುತ್ತದೆ. ಇತಿಹಾಸಕಾರನಿಗೆ ಆ ಬರಹವೇ ಶಾಸನ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಅಚ್ಚಾದ ಪುಸ್ತಕ ತಿಳವಳ್ಳಿಯಂಥ ಊರಿನ ಮಗುವಿನ ಕೈಗೆ ಯಾವ ವರ್ಷ ತಲುಪಿತೆಂಬುದನ್ನು ಬೇರಾವ ದಾಖಲೆ ಹೇಳೀತು? ಬಾಡಿಗೆ ಅಂಗಡಿಯ ಮೊಹರೂ ಹಾಗೆಯೇ. ಬೇರೆ ಬೇರೆ ಮುದ್ರಣಗಳನ್ನೂ ಒಟ್ಟಿಗೆ ಇಡಬೇಕು. ಅಮರ ಚಿತ್ರಕಥೆಯ ಆರಂಭದ ಸಂಚಿಕೆಗಳಲ್ಲಿದ್ದದ್ದು ಹಳದಿ, ನೀಲಿ, ಹಸಿರು ಬಣ್ಣಗಳಷ್ಟೆ. ಪೂರ್ಣ ವರ್ಣ ಬಂದದ್ದು ಆಮೇಲೆ. ಫ್ಯಾಂಟಮ್ ವಾಸಿಸುವ ನಾಡಿನ ಹೆಸರು ಮೂಲದಲ್ಲಿ ಬಂಗಾಳವನ್ನು ನೆನಪಿಸುವಂತಿದ್ದುದರಿಂದ ಇಂದ್ರಜಾಲದವರು ಅದನ್ನು ‘ಡೆಂಕಾಲಿ’ ಮಾಡಿದರು; ರಾಮ ಎಂಬ ದುಷ್ಟನ ಹೆಸರನ್ನು ‘ರಾಮಲು’ ಎಂದು ತಿರುಗಿಸಿದರು. ಹೊರಗಿನ ಕಥೆಯನ್ನು ನಾವು ಯಾವ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಂಡೆವೆಂಬುದು ಇಂತಹ ಸಣ್ಣ ತಿದ್ದುಪಡಿಗಳಿಂದಲೇ ತಿಳಿಯುವುದು.

ಇನ್ನು ಕಾಪಾಡುವ ಮಾತು. ಅಗ್ಗದ ಕಾಗದ ತನ್ನ ಶತ್ರುವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಉಳಿಯುವ ಲಿಗ್ನಿನ್ ಎಂಬ ದ್ರವ್ಯ ಗಾಳಿ ಬೆಳಕು ತಾಕಿ ಹಳದಿಯಾಗುತ್ತದೆ, ಆಮ್ಲ ಸೇರಿ ನಾರನ್ನು ಮುರಿಯುತ್ತದೆ, ಹಾಳೆ ಹಪ್ಪಳದಂತಾಗುತ್ತದೆ. ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ತಂಪು, ಬೂಷ್ಟು, ಗೆದ್ದಲು ಇದಕ್ಕೆ ಜೊತೆಗೂಡುತ್ತವೆ. ಆದುದರಿಂದ ಪುಸ್ತಕಗಳನ್ನು ಗೋಡೆಗೆ ತಾಗಿಸದೆ, ನೆಲಕ್ಕಿಡದೆ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಬೇಕು. ಆಮ್ಲವಿಲ್ಲದ ರಟ್ಟಿನ ಆಸರೆ ಕೊಟ್ಟು ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ ನಿಲ್ಲಿಸಿಟ್ಟರೆ ಉತ್ತಮ, ಪಿ.ವಿ.ಸಿ. ಚೀಲ ಕಾಲಾಂತರದಲ್ಲಿ ಮಸಿಗೆ ಅಂಟಿಕೊಳ್ಳುತ್ತದೆ. ತುಕ್ಕು ಹಿಡಿದ ಪಿನ್ನನ್ನು ತಿಳಿದವರಿಂದ ಮೆಲ್ಲಗೆ ತೆಗೆಸಬೇಕು. ಅಂಟುಪಟ್ಟಿ ಬೇಡ, ಲ್ಯಾಮಿನೇಷನ್ ಖಂಡಿತ ಬೇಡ. ಹಳೆಯ ಶಿಲ್ಪಕ್ಕೆ ಭಕ್ತಿಯಿಂದ ಎಣ್ಣೆಬಣ್ಣ ಬಳಿಯುವವರಿಗೂ ಪುಸ್ತಕಕ್ಕೆ ಪ್ರೀತಿಯಿಂದ ಪ್ಲಾಸ್ಟಿಕ್ಕು ಬೆಸೆಯುವವರಿಗೂ ಹೇಳಬೇಕಾದದ್ದು ಒಂದೇ: ಬಿಚ್ಚಲಾಗದ ಉಪಚಾರವನ್ನು ಮಾಡಬಾರದು.

ವ್ಯಕ್ತಿಗಳ ಕಪಾಟು ಒಂದು ತಲೆಮಾರಿನ ಮಾತು. ಪ್ರಕಾಶಕರು ತಮ್ಮ ಪ್ರತಿ ಪುಸ್ತಕದ ಪ್ರತಿಯನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಕಳಿಸಬೇಕೆಂಬ ಕಾಯಿದೆ 1954ರಲ್ಲೇ ಬಂದಿದೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದದ್ದು, ಬೆಂಗಳೂರಿನಲ್ಲಿ ಆ ಹತ್ತು ಚಿತ್ರಕಥೆಗಳಿಗೆ ಚಾಲನೆ ದೊರೆತ 1965ರಲ್ಲೇ. ಗ್ರಂಥಾಲಯವೂ ಚಿತ್ರಕಥೆಯೂ ಕನ್ನಡದಲ್ಲಿ ಓರಗೆಯವು. ಒಂದು ಇನ್ನೊಂದನ್ನು ಗುರುತಿಸಲಿಲ್ಲ. ಮಕ್ಕಳು ಓದಿದ್ದನ್ನು ಪುಸ್ತಕವೆಂದು ಎಣಿಸದ ನಾಡು ತನ್ನ ಓದುಗರು ಹೇಗೆ ಹುಟ್ಟಿದರೆಂಬ ಲೆಕ್ಕವನ್ನೇ ಕಳೆದುಕೊಳ್ಳುತ್ತದೆ.

ಅಟ್ಟದ ಮೇಲಿನ ಟ್ರಂಕುಗಳಲ್ಲಿ ಇನ್ನೂ ಕೆಲವು ಉಳಿದಿರಬಹುದು. ಮನೆ ಬದಲಿಸುವಾಗ, ಸುಣ್ಣ ಹೊಡೆಸುವಾಗ ಅವು ಹೊರಬೀಳುತ್ತವೆ. ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ತೆರೆದು, ಸಂಖ್ಯೆ ನೋಡಿ. ಹನ್ನೊಂದಕ್ಕಿಂತ ಕಡಿಮೆಯಿದ್ದು, ಭಾಷೆ ಕನ್ನಡವಾಗಿದ್ದರೆ, ರದ್ದಿಯವನನ್ನು ಬರಿಗೈಯಲ್ಲಿ ಕಳಿಸಿಬಿಡಿ.