ಮದ್ದೋ, ಬಲೆಯೋ: ಮಿದುಳಿನ ಹೆಪ್ಪಿನೊಡನೆ ಮೂವತ್ತು ವರ್ಷ

ಲಕ್ವ ಹೊಡೆದವರ ಮಿದುಳಿನಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪನ್ನು ಕರಗಿಸುವ ಮದ್ದೊಂದು ನಿಜಕ್ಕೂ ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು 1995ರ ಡಿಸೆಂಬರಿನಲ್ಲಿ. ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮೂರು ಗಂಟೆಯೊಳಗೆ ಆಲ್ಟೆಪ್ಲೇಸ್ ಪಡೆದವರು ಹೆಚ್ಚು ಚೇತರಿಸಿಕೊಂಡರು. ಅದಕ್ಕೆ ಬೆಲೆಯೂ ಇತ್ತು. ಮದ್ದು ಪಡೆದವರಲ್ಲಿ ಶೇ. 6.4 ಮಂದಿಗೆ ಮಿದುಳಿನೊಳಗೆ ಅಪಾಯಕಾರಿ ರಕ್ತಸ್ರಾವವಾಯಿತು; ಪಡೆಯದವರಲ್ಲಿ ಅದು ಶೇ. 0.6 ಮಾತ್ರ. 2008ರಲ್ಲಿ ಯುರೋಪಿನ ಪ್ರಯೋಗವೊಂದು ಮದ್ದಿನ ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು.

ಆದರೆ ದೊಡ್ಡ ರಕ್ತನಾಳವನ್ನು ಮುಚ್ಚಿದ ಹೆಪ್ಪು ಮದ್ದಿಗೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ಅದಕ್ಕೆ ಬಂದ ಉಪಾಯವೇ ಥ್ರಾಂಬೆಕ್ಟಮಿ: ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ತೂರಿಸಿ, ತಂತಿಯ ಬಲೆಯಲ್ಲಿ ಹೆಪ್ಪನ್ನು ಹಿಡಿದು ಎಳೆಯುವುದು. 2013ರಲ್ಲಿ ಮೂರು ಪ್ರಯೋಗಗಳು ಸೋತಾಗ ಇದರ ಕಥೆ ಮುಗಿಯಿತು ಎಂದವರಿದ್ದರು. 2015ರಲ್ಲಿ ಚಿತ್ರ ಬದಲಾಯಿತು. ನೆದರ್ಲೆಂಡ್ಸ್‌ನ 500 ರೋಗಿಗಳ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 19.1 ಮಂದಿ ಇತರರ ಹಂಗಿಲ್ಲದೆ ಬದುಕುವಂತಾದರೆ, ಜೊತೆಗೆ ಹೆಪ್ಪು ತೆಗೆಸಿಕೊಂಡವರಲ್ಲಿ ಆ ಪ್ರಮಾಣ ಶೇ. 32.6. ಅದೇ ವರ್ಷ ಇನ್ನೂ ನಾಲ್ಕು ಪ್ರಯೋಗಗಳು ಇದನ್ನೇ ಹೇಳಿದವು.

ಆ ರೋಗಿಗಳಲ್ಲಿ ಹೆಚ್ಚಿನವರು ಮೊದಲು ಮದ್ದನ್ನೂ ಪಡೆದಿದ್ದರು. ಹಾಗಾಗಿ ಹೊಸ ಪ್ರಶ್ನೆ ಎದ್ದಿತು: ಹೆಪ್ಪನ್ನು ಹೇಗೂ ಎಳೆದು ತೆಗೆಯುವುದಾದರೆ ರಕ್ತಸ್ರಾವದ ಭಯವಿರುವ, ದುಬಾರಿ ಮದ್ದು ಯಾಕೆ?

2020ರಲ್ಲಿ ಚೀನಾದ 656 ರೋಗಿಗಳ ಪ್ರಯೋಗ, ಮದ್ದಿಲ್ಲದಿದ್ದರೂ ಫಲಿತಾಂಶ ಕೆಡುವುದಿಲ್ಲ ಎಂದಿತು: ಶೇ. 36.4 ಮತ್ತು 36.8. ಜಪಾನಿನ ಪ್ರಯೋಗಕ್ಕೂ, ನೆದರ್ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸ್‌ಗಳಲ್ಲಿ ನಡೆದ ಪ್ರಯೋಗಕ್ಕೂ ಅದನ್ನು ಸಾಬೀತು ಮಾಡಲಾಗಲಿಲ್ಲ. ಇಂಥ ಆರು ಪ್ರಯೋಗಗಳ 2,313 ರೋಗಿಗಳ ವಿವರವನ್ನು 2023ರಲ್ಲಿ ಒಟ್ಟುಗೂಡಿಸಿದಾಗ, ಸ್ವತಂತ್ರವಾಗಿ ಬದುಕುವಂತಾದವರು ಮದ್ದಿಲ್ಲದೆ ಶೇ. 49, ಮದ್ದಿನೊಂದಿಗೆ ಶೇ. 51. ಅಂತರ ಚಿಕ್ಕದು. ಆದರೆ 'ವ್ಯತ್ಯಾಸ ಸಿಗಲಿಲ್ಲ' ಎನ್ನುವುದೂ 'ಎರಡೂ ಒಂದೇ' ಎನ್ನುವುದೂ ಬೇರೆ ಬೇರೆ ಮಾತು. ಮದ್ದು ಬಿಟ್ಟರೆ ನಷ್ಟವಿಲ್ಲ ಎಂದು ಹೇಳುವಷ್ಟು ಪುರಾವೆ ಕೂಡಿಬರಲಿಲ್ಲ.

ಅದೇ ವಿವರಗಳನ್ನು ಗಡಿಯಾರ ಮುಂದಿಟ್ಟುಕೊಂಡು ಮತ್ತೆ ನೋಡಿದಾಗ ಒಂದು ಎಳೆ ಸಿಕ್ಕಿತು. ಲಕ್ಷಣ ಕಾಣಿಸಿಕೊಂಡ ಸುಮಾರು 2 ಗಂಟೆ 20 ನಿಮಿಷದೊಳಗೆ ಮದ್ದು ಕೊಟ್ಟರೆ ಲಾಭ ಸ್ಪಷ್ಟವಿತ್ತು. ತಡವಾದಷ್ಟೂ ಅದು ಕರಗುತ್ತಾ ಹೋಯಿತು. 2025ರಲ್ಲಿ ಚೀನಾದ 550 ರೋಗಿಗಳಿಗೆ ಟೆನೆಕ್ಟೆಪ್ಲೇಸ್ ಎಂಬ, ಒಂದೇ ಚುಚ್ಚಿಗೆ ಕೊಡಬಹುದಾದ ಮದ್ದನ್ನು ಪರೀಕ್ಷಿಸಿದಾಗ ತಕ್ಕಡಿ ಮದ್ದಿನತ್ತ ವಾಲಿತು: ಅದನ್ನು ಪಡೆದು ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 52.9, ಬರೀ ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 44.1.

ಒಂದು ಸಂಗತಿ ಮರೆಯುವಂತಿಲ್ಲ. ಇವೆಲ್ಲ ಬಹುಮಟ್ಟಿಗೆ ಬಲೆ ಹಾಕುವ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಬಂದವರ ಲೆಕ್ಕ. ಊರಿನ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸಾಗುವ ರೋಗಿಗೆ 'ಮದ್ದು ಬೇಡ, ಅಲ್ಲೇ ತೆಗೆಯುತ್ತಾರೆ' ಎನ್ನಲು ಈ ಅಂಕಿಗಳು ಆಧಾರವಾಗುವುದಿಲ್ಲ. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಮದ್ದೋ ಬಲೆಯೋ ಎಂಬ ಜಗಳ ಮೂವತ್ತು ವರ್ಷಗಳಲ್ಲಿ ಬಂದು ನಿಂತದ್ದು, ಆರಂಭವಾದಲ್ಲೇ: ರೋಗಿ ಎಷ್ಟು ಬೇಗ ಬಂದರು ಎಂಬಲ್ಲಿ.