ಕಡತ, ಬಳಪ ಮತ್ತು ಅರ್ಥ

ಅರಸೀಕೆರೆ ಎಂದೊಡನೆ ಬಹಳ ಜನ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನನ್ನು ನೆನೆಯುತ್ತಾರೆ. ನಾನು ಪಾಠ ಹೇಳಿದ್ದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ. ನನ್ನ ಶಿಷ್ಯರಿಗೆ ಇದನ್ನು ಹೇಳಬೇಕಾಗಿಲ್ಲ. ಬಂಧುಗಳ ಮಕ್ಕಳಿಗಾಗಿ ಹೇಳಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ತಾಲ್ಲೂಕು ನಮ್ಮದು. ಆದರೆ ನಾನು ಇಲ್ಲಿ ಬರೆಯಹೊರಟಿರುವ ಕಾಲದಲ್ಲಿ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ ಒಂದು ಭಾಗ.

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಕಲೆಕ್ಟರುಗಳಿಗೆಲ್ಲ ಒಂದು ಆಜ್ಞೆ ಕಳುಹಿಸಿದನು: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ, ಏನನ್ನು ಓದುತ್ತಾರೆ, ತಿಳಿಸಿ ಎಂದು. ಹಲವರು ಅಂಕಿಗಳ ಪಟ್ಟಿ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಅಲೆಗ್ಸಾಂಡರ್ ಡಂಕನ್ ಕ್ಯಾಂಬೆಲ್ ಮಾತ್ರ ಶಾಲೆಯ ಒಳಹೊಕ್ಕು ನೋಡಿದವನಂತೆ ಬರೆದನು. ಅವನು 1816ರಲ್ಲೇ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಭಾಷಾಜ್ಞ. 1823ರ ಆಗಸ್ಟ್ 17ರ ಅವನ ವರದಿಯನ್ನು ಧರ್ಮಪಾಲರು 1983ರ ತಮ್ಮ ಗ್ರಂಥದಲ್ಲಿ ಮರುಮುದ್ರಿಸಿದ್ದರಿಂದ ನನ್ನಂಥವರಿಗೂ ಓದಲು ದೊರೆಯಿತು.

ಒಂಬತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6641 ವಿದ್ಯಾರ್ಥಿಗಳು. ಶಾಲೆಯೊಂದಕ್ಕೆ ಹನ್ನೆರಡು ಮಕ್ಕಳು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಇಂದಿನ ಅನಂತಪುರದ ಸೀಮೆಯೂ ಆಗ ಬಳ್ಳಾರಿಗೇ ಸೇರಿತ್ತೆಂಬುದನ್ನು ನೆನೆದರೆ ತೆಲುಗಿನ ಸಂಖ್ಯೆಗೆ ಅಚ್ಚರಿಪಡಬೇಕಾಗಿಲ್ಲ. ಹೆಣ್ಣುಮಕ್ಕಳು ಅರುವತ್ತೇ ಅರುವತ್ತು. ಬಡತನದ ದೆಸೆಯಿಂದ, ಮೊದಲು ಶಾಲೆಯಿದ್ದ ಹಲವು ಊರುಗಳಲ್ಲಿ ಈಗ ಶಾಲೆಯಿಲ್ಲವೆಂದೂ, ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕಸುಬು ಕುಂದಿದ್ದು ಅದಕ್ಕೊಂದು ಕಾರಣವೆಂದೂ ಕಂಪನಿಯ ಅಧಿಕಾರಿಯೇ ಬರೆದಿರುವುದು ಗಮನಾರ್ಹ.

ಶಾಲೆಯ ದಿನಚರಿಯನ್ನು ಓದುವಾಗ ನನಗೆ ನಗುವೂ ಬಂತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವರು. ಎರಡನೆಯವನಿಗೆ ಸೊನ್ನೆ, ಅವನು ಹೊಗಳಿಕೆಗೂ ಅಲ್ಲ, ತೆಗಳಿಕೆಗೂ ಅಲ್ಲ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಕೊನೆಗೆ ಬಂದವನ ಗತಿಯನ್ನು ನೀವೇ ಊಹಿಸಿರಿ! ಅಕ್ಷರಗಳನ್ನು ಮರಳಿನಲ್ಲಿ ಬೆರಳಿನಿಂದ ತಿದ್ದಿಯಾದ ಮೇಲೆ ಹಲಗೆ ಅಥವಾ ಕಡತದ ಮೇಲೆ ಬರೆವಣಿಗೆ. ಕಡತವೆಂದರೆ ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲುಪುಡಿ ಮತ್ತು ಅಂಟು ಬಳಿದು ಮಾಡಿದ್ದು. ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರೆಸಿಬಿಡುವುದು. ಮುಂದಿನವರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ ಈ ಮಿತವ್ಯಯವನ್ನೂ ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ.

ಅವನ ಆಕ್ಷೇಪವಿದ್ದುದು ಓದಿನ ಬಗೆಗೆ. ಮಕ್ಕಳು ರಾಮಾಯಣ, ಭಾರತ, ಭಾಗವತ, ಲಿಂಗಧಾರಿಗಳಾದರೆ ಚೆನ್ನಬಸವಪುರಾಣವೇ ಮೊದಲಾದವನ್ನು ಓದುತ್ತಾರೆ. ಅವೆಲ್ಲ ಆಡುಮಾತಿಗೆ ದೂರವಾದ ಕಾವ್ಯಭಾಷೆಯಲ್ಲಿವೆ. ಹುಡುಗನು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಅರ್ಥದ ವಿಷಯದಲ್ಲಿ ಮಾತ್ರ ಅವನಿಗೂ ಮಾತು ಕಲಿತ ಗಿಳಿಗೂ ಭೇದವಿಲ್ಲ. ಗುರುವಿಗೂ ಅರ್ಥ ಹೇಳುವ ಶಕ್ತಿಯಿಲ್ಲ. ನಿಘಂಟು, ಶಬ್ದಮಣಿದರ್ಪಣದಂಥ ವ್ಯಾಕರಣ ಇವು ಅತ್ಯಗತ್ಯವಾಗಿದ್ದರೂ ಹಸ್ತಪ್ರತಿಗಳ ಬೆಲೆ ಹೆಚ್ಚು, ಗುರುಗಳು ಬಡವರು. ಆದುದರಿಂದ ಶಾಲೆಗಳಲ್ಲಿ ಅತಿ ವಿರಳವಾದ ಪುಸ್ತಕಗಳೇ ಇವು. ಕೇಶಿರಾಜನ ಆ ಗ್ರಂಥವನ್ನು ಕಿಟ್ಟೆಲರು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1872ರಲ್ಲಿ, ಎಂದರೆ ಈ ವರದಿಯಾದ ಅರ್ಧ ಶತಮಾನದ ಅನಂತರ.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಈ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಕ್ಯಾಂಬೆಲ್ ಶಾಲೆಯನ್ನು ನೋಡಿದನು, ಸಂಜೆಯನ್ನು ನೋಡಲಿಲ್ಲ. ನಮ್ಮ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುವ ವಾಡಿಕೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ. ಇನ್ನೊಬ್ಬರು ಪದ ಬಿಡಿಸಿ, ಅನ್ವಯ ಮಾಡಿ, ಊರಿನ ಬದುಕಿನಿಂದಲೇ ದೃಷ್ಟಾಂತ ಕೊಟ್ಟು ಅರ್ಥ ಹೇಳುತ್ತಾರೆ. ಓದು ಬಾರದವರೂ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಅಲ್ಲಿ ಕುಳಿತು ಕೇಳುತ್ತಾರೆ, ನಡುವೆ ಪ್ರಶ್ನೆಯನ್ನೂ ಹಾಕುತ್ತಾರೆ. ಹುಡುಗನು ಹಗಲು ಬಾಯಿಪಾಠ ಮಾಡಿದ್ದಕ್ಕೆ ಅರ್ಥ ದೊರೆಯುತ್ತಿದ್ದುದು ಇಂಥ ಕಡೆಯಲ್ಲೇ ಎಂಬುದು ನನ್ನ ಎಣಿಕೆ. ಎಷ್ಟು ಮಂದಿಗೆ ದೊರೆಯುತ್ತಿತ್ತು ಎಂಬುದು ಬೇರೆ ಮಾತು. ಪುರಾಣದ ಮೊದಲ ಸಾಲಿನಲ್ಲಿ ಕೂರುವ ಅವಕಾಶ ಎಲ್ಲರಿಗೂ ಇರಲಿಲ್ಲ.

ಆಮೇಲೆ ಅಚ್ಚಾದ ಪಠ್ಯಪುಸ್ತಕ ಬಂದಿತು, ಪರೀಕ್ಷೆ ಬಂದಿತು. ಸಾರಾಂಶ ಬರೆಯಿರಿ, ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿರಿ, ಅಲಂಕಾರವನ್ನು ಹೆಸರಿಸಿ ಸಮನ್ವಯಿಸಿರಿ. ಈ ಪ್ರಶ್ನೆಗಳನ್ನು ನಾನು ಹಳಿಯುವವನಲ್ಲ. ‘ಸ್ವಾರಸ್ಯ’ ಎಂಬ ಒಂದು ಪದದಲ್ಲಿ ಸಾಹಿತ್ಯವಿಮರ್ಶೆಯ ಬೀಜವೇ ಇದೆ. ಆದರೆ ಪೇಟೆಯಲ್ಲಿ ಗೈಡುಗಳು ಬಂದವು. ಸ್ವಾರಸ್ಯವೂ ಅಚ್ಚಾಗಿ ಸಿಕ್ಕಿತು. ಮಕ್ಕಳು ಪದ್ಯದ ಬದಲು ಅದರ ಭಾವಾರ್ಥವನ್ನೇ ಉರುಹೊಡೆದರು. ಕ್ಯಾಂಬೆಲ್ಲನ ಗಿಳಿ ಹಾರಿಹೋಗಿರಲಿಲ್ಲ.

ಆದ್ದರಿಂದಲೇ, ಮೊದಲ ಬಾರಿಗೆ ಕಾಣುವ ಗದ್ಯಭಾಗವನ್ನು ಕೊಟ್ಟು ಕೇಳುವ ಪ್ರಶ್ನೆಯ ಮೇಲೆ ನನಗೆ ಹೆಚ್ಚು ಪ್ರೀತಿ. ಅದಕ್ಕೆ ಗೈಡು ಸಿಗದು. ನಾನೇ ಒಂದೆರಡು ವಾಕ್ಯ ಕಟ್ಟಿ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಅವುಗಳಲ್ಲೊಂದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: ‘ಮಳೆ ಬಾರದ ವರ್ಷ ಅಜ್ಜಿಯು ಬೀಜದ ಜೋಳದ ಗುಡಾಣದ ಬಾಯಿಗೆ ಸಗಣಿ ಮೆತ್ತಿದಳು. ಮೊಮ್ಮಗ ಎರಡು ದಿನ ಆ ಕಡೆ ನೋಡಲಿಲ್ಲ.’

ಅಜ್ಜಿ ಏನು ಮಾಡಿದಳು ಎಂದರೆ ಇಡೀ ತರಗತಿ ಕೈ ಎತ್ತುತ್ತಿತ್ತು. ಉತ್ತರ ಹಲಗೆಯ ಮೇಲೆಯೇ ಇತ್ತಲ್ಲ. ಏಕೆ ಮಾಡಿದಳು ಎಂದರೆ ಕೈಗಳು ಕಡಿಮೆಯಾಗುತ್ತಿದ್ದವು. ಬಿತ್ತನೆಯ ಬೀಜವನ್ನು ಯಾರೂ ತಿನ್ನಬಾರದೆಂದು, ಎನ್ನುತ್ತಿದ್ದವರು ಹೆಚ್ಚಾಗಿ ಹೊಲವಿದ್ದ ಮನೆಯ ಮಕ್ಕಳು. ಇತರ ವಿಷಯಗಳಲ್ಲಿ ಅವರು ಹಿಂದಿನ ಬೆಂಚಿನವರು. ಮೊಮ್ಮಗ ಏಕೆ ನೋಡಲಿಲ್ಲ? ಇಲ್ಲಿ ಜಗಳವೇ ಆಗುತ್ತಿತ್ತು. ಹಸಿವಾಗಿತ್ತು, ನೋಡಿದರೆ ತಡೆಯಲಾಗದು ಎಂದೊಬ್ಬ. ಅಜ್ಜಿಯ ಮೇಲೆ ಸಿಟ್ಟು ಎಂದಿನ್ನೊಬ್ಬ. ಹಿಂದಿನ ದಿನ ಅವನೇ ಕದ್ದು ತೆಗೆದಿದ್ದ, ನಾಚಿಕೆ ಎಂದು ಮತ್ತೊಬ್ಬ. ಮೂವರಿಗೂ ನನ್ನದು ಒಂದೇ ಪ್ರಶ್ನೆ: ಯಾವ ಪದದಿಂದ ತಿಳಿಯಿತು, ತೋರಿಸು. ಆಗ ಮೂರನೆಯವನು ತಲೆ ತುರಿಸಿಕೊಂಡನು. ಕದ್ದ ಮಾತು ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು, ‘ಎರಡು ದಿನ ಅಂತ ಯಾಕೆ ಬರೆದಿರಿ ಸಾರ್? ಮೂರನೆಯ ದಿನ ನೋಡಿದನೇನು?’ ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಅದನ್ನೇ ಎಲ್ಲರಿಗೂ ಮನೆಗೆಲಸವಾಗಿ ಕೊಟ್ಟೆ.

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ನಮ್ಮವರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಮಡಿಕೆಯ ಕರಿಕಡತ ಉಳಿದಿದ್ದರೆ ದಯವಿಟ್ಟು ತಿಳಿಸಿರಿ. ಒದ್ದೆಬಟ್ಟೆಯಿಂದ ಮಾತ್ರ ಒರೆಸಬೇಡಿರಿ.